ಕದ

ನಮ್ಮ ಮನಿ ಕದ ಒಮ್ಮೆ ಬಾಗಲಕೋಟಿಗೆ ಹೋಗಿ ಬಂದೈತಿ.
ತೇಗಿಂದಲ್ಲ, ಬೇವಿಂದು. ಎಡಕ್ಕೊಂದು ಗಂಟು,
ಕೆಳಗ ಆಡಿನ ಮರಿ ಕೆರೆದ ಗೀರು.

ಗುಳೇದಗುಡ್ಡದಾಗ ಆವತ್ತ ಕರೆಂಟ್ ಇರಲಿಲ್ಲ,
ಮಗ್ಗ ನಿಂತಿದ್ದವು.
ಅದಕ್ಕ ಆ ಸಪ್ಪಳ ಓಣಿಗೆಲ್ಲಾ ಕೇಳಿತು:
ಮಾಳಗಿ ಮ್ಯಾಲೆ ಗಾದಿ ಒಣಹಾಕಾಕ ಹತ್ತಿದ
ರಾಜೇಸಾಬ ನದಾಫ,
ಗಾದಿ ಒಂದ ಕಡೆ, ತಾನೊಂದ ಕಡೆ.

ಎತ್ರಿ, ಕುಂಡ್ರಸ್ರಿ, ನೀರ ಕುಡಸ್ರಿ ಅಂತ
ನಾಕ ಮಂದಿ ಬಗ್ಗಿದ್ರು.
ಮುಟ್ಟಬ್ಯಾಡ್ರಿ!
ಜೀವಮಾನದಾಗ ನಾ ಹಂಗ ಒದರಿದ್ದಿಲ್ಲ.
"ಅಕ್ಕಾ, ನನ್ನ ಕಾಲಾಗ ಚಪ್ಪಲಿ ಅದಾವೇನ?" ಅಂದ.
ಇದ್ದವು.

ನಮ್ಮಣ್ಣ ಈರಸಂಗಪ್ಪನೂ ಹಿಂಗ ಬಿದ್ದಿದ್ದ, ಹುಣಸಿ ಗಿಡದಿಂದ.
ಗೋಣಿಚೀಲದಂಗ ಮಡಚಿ ಹೆಗಲಿಗೆ ಹಾಕ್ಕೊಂಡ ತಂದರು.
ಎಣ್ಣಿ ತಿಕ್ಕಿದರು, ಬಿದಿರಿನ ದಬ್ಬಿ ಕಟ್ಟಿದರು,
ಅಮಾಸಿ ಕಳೀಲಿ ಅಂದರು.
ಹತ್ತೊಂಬತ್ತನೇ ದಿನ ಡಾಕ್ಟರು ಫೋಟೋ ಬೆಳಕಿಗೆ ಹಿಡಿದು
ಏನೂ ಅನ್ನಲಿಲ್ಲ,
ನಮ್ಮವ್ವಗ ಕುರ್ಚಿ ಸರಿಸಿಕೊಟ್ಟರು.
ಹನ್ನೊಂದ ವರ್ಷ ಅವನ ಮಗ್ಗಲಾ ಹೊರಳಿಸಿದಾಕಿ ನಾನು.
ಬೆನ್ನಿನ ಹುಣ್ಣಿನ ವಾಸನಿ ಈ ಮೂಗಿಗೆ ಗೊತ್ತೈತಿ.

ಬಾಜೂಮನಿ ಹುಡುಗ ಸ್ಕ್ರೂ ಬಿಚ್ಚಿದ. ಕದ ನೆಲಕ್ಕಿಳೀತು.
ಆರ ಮಂದಿ, ಒಂದ ಉಸಿರು,
ತೊಲಿ ಹೊರಳಿಸಿದಂಗ ಹೊರಳಿಸಿ ಮ್ಯಾಲಿಟ್ವಿ.
ಕುತ್ತಿಗಿ ಅಲುಗದಂಗ ಎರಡೂ ಕಡೆ ಖಣದ ಗಂಟು.
ಊರಿಗೆಲ್ಲಾ ಗಾದಿ ಹೊಲದಾವ
ಬರೇ ಹಲಗಿ ಮ್ಯಾಲೆ ಹೋದ.

ಮೂರಕ್ಕ ಬಿದ್ದಾವನ ಬೆನ್ನು ಹತ್ತಕ್ಕ ತೆರೆದರು.
ಮುರಿದ ಎಲುವಿನ ಚೂರು ಹುರಿ ಒತ್ತಿತ್ತಂತ. ತಗದು,
ಎರಡ ಸಳಿ, ಎಂಟ ಸ್ಕ್ರೂ.
ಬೆಳಗಿನ್ಯಾಗ ಡಾಕ್ಟರಬಾಯಿ ಹೊರಗ ಬಂದು
"ಲಗೂ ತಂದೀರಿ. ಮುಂದಿಂದು ಈಗ ಹೇಳಾಕಾಗಂಗಿಲ್ಲ" ಅಂದ್ಲಂತ.
ಆಮ್ಯಾಲೆ ಕೇಳಿದ್ಲಂತ: "ಈ ಬಾಗಲಾ ಯಾರದು?"

ಆ ರಾತ್ರಿ ನಾ ತೆರೆದ ಚೌಕಟ್ಟಿನ್ಯಾಗ ಕುಂತಿದ್ದೆ.
ನಾಯಿ ಒಳಗ ಬಂತು. ಹಚಾ ಅನ್ನಲಿಲ್ಲ.

ಈಗ ಬಲಗಾಲು ಎಳೀತಾನ.
ಎಡಗಾಲು ಇನ್ನೂ ವಿಚಾರ ಮಾಡಾಕ ಹತ್ತೈತಿ.
ಕುಂತಲ್ಲೇ ಹತ್ತಿ ಹಿಂಜತಾನ.
ಉಚ್ಚಿ ಬಂದದ್ದು ಅವಗ ತಿಳಿದ ದಿನ
ಅವರವ್ವ ಓಣಿಗೆಲ್ಲಾ ಸಕ್ಕರಿ ಹಂಚಿದಳು,
ಯಾಕಂತ ಹುಡುಗರಿಗೆ ಹೇಳಲಿಲ್ಲ.

ಕದ ಟಂಟಂನ್ಯಾಗ ತಿರುಗಿ ಬಂತು.
ಬಡಿಗ್ಯಾರ ಮೌನೇಶ ಹೊಸಾ ಸ್ಕ್ರೂ ಹಾಕಿದ. ಸರಿ ಕೂಡವಲ್ದು.
ಉಜ್ಜತೀನಿ ಅಂದ. ಬ್ಯಾಡ ಅಂದೆ.

ಅಣ್ಣ ಬಿದ್ದಾಗೂ ಈ ಚೌಕಟ್ಟಿಗೆ
ಇದ ಕದ ಇತ್ತು.