ಗಂಜಿಯ ಲೆಕ್ಕ

ಫೈಲಿಗೆ ಎರಡು ಪ್ಯಾರಾ ಇತಿಹಾಸ ಬೇಕಂತೆ ನಿಮಗೆ.
ಕೂತುಕೊಳ್ಳಿ. ಆ ಕಲ್ಲಲ್ಲ, ಅದರಡಿ ಕೆಂಪಿರುವೆ ಉಂಟು.

ಮುಂಡ್ರಬೈಲು ಸಬ್‌ಜೈಲು. ಹೆಬ್ರಿ ದಾಟಿ, ಘಟ್ಟದ ಬುಡ.
ಕಟ್ಟಿಸಿದ್ದು ಮದ್ರಾಸು ಸರಕಾರ,
ಕಟ್ಟಿದ್ದು ಕೈದಿಗಳೇ.
ಮುರಕಲ್ಲು ಕಡಿದ ಗುಂಡಿ ಅಗೋ, ಶಾಲೆಯ ಹಿಂದೆ,
ಈಗ ಮಕ್ಕಳು ಈಜು ಕಲಿಯುವ ಕೆರೆ.
ತಮ್ಮನ್ನು ಕೂಡಿಹಾಕಲು ಎಷ್ಟು ದಪ್ಪದ ಗೋಡೆ ಸಾಕೆಂದು
ಅವರನ್ನು ಯಾರೂ ಕೇಳಿರಲಿಲ್ಲ.
ಎರಡೂವರೆ ಅಡಿ. ಬೇಕಾದರೆ ಅಳೆಯಿರಿ.

ಎರಡು ಕೋಣೆ. ಒಂದು ಗಂಡಸರಿಗೆ.
ಇನ್ನೊಂದು ಹೆಂಗಸರಿಗೆಂದು ಬೋರ್ಡು ಬರೆಸಿ
ವರ್ಷವಿಡೀ ಜೈಲರರ ಕಟ್ಟಿಗೆ ತುಂಬುತ್ತಿದ್ದರು.
ಬಾಗಿಲು ಕಿರಾಲುಬೋಗಿಯದ್ದು, ಗೆದ್ದಲಿಗೂ ಸೋಲದ್ದು.

ನನ್ನಜ್ಜಿ ಅಪ್ಪಿ ಪೂಜಾರ್ತಿಗೆ ಗಂಜಿಯ ಗುತ್ತಿಗೆ.
ತಲೆಗೆ ದಿನಕ್ಕೆ ಒಂದೂಮುಕ್ಕಾಲು ಆಣೆ.
ಅಕ್ಷರ ಬಾರದು. ಒಲೆಯ ಹಿಂದಿನ ಗೋಡೆಗೆ
ಇದ್ದಲಿನ ಗೀಟು. ಉಂಡವನಿಗೆ ಉದ್ದಗೀಟು,
ಉಪವಾಸ ಕೂತವನಿಗೆ ಅಡ್ಡಗೀಟು.
ಸರಕಾರದ ರಿಜಿಸ್ಟರು ಗೆದ್ದಲಿನ ಹೊಟ್ಟೆಗೆ ಹೋಯಿತು.
ಗೀಟು ಉಳಿಯಿತು. ಬನ್ನಿ, ತೋರಿಸುತ್ತೇನೆ.

ಇಲ್ಲಿ, ಉದ್ದಕ್ಕೆ ಅರುವತ್ತೊಂದು.
ಅದು ತುಕ್ರ ಮಲೆಕುಡಿಯ.
ಕಾದಿಟ್ಟ ಕಾಡಿನ ಜೇನು ಕಿತ್ತ ತಪ್ಪಿಗೆ ಎರಡು ತಿಂಗಳು.
ಕಾಡಿಗೊಬ್ಬ ಯಜಮಾನ ಬಂದ ಸುದ್ದಿ
ಘಟ್ಟ ಹತ್ತಿ ಅವನ ತನಕ ಮುಟ್ಟಿರಲಿಲ್ಲ.
ಜೈಲಿನ ಮಾಡಿಗೇ ಹೆಜ್ಜೇನು ಕಟ್ಟಿದಾಗ
ಜೈಲರರೇ ಬೀಗ ತೆಗೆದು ಕರೆದರು.
ಸೂಟೆ ಹಿಡಿದು ಹತ್ತಿದ,
ಇಳಿದ, ಒಳಗೆ ಹೋದ,
ಬಾಗಿಲು ತಾನೇ ಎಳೆದುಕೊಂಡ.
ಆ ಜೇನಿಗೆ ಯಾರೂ ಕೇಸು ಹಾಕಲಿಲ್ಲ.
ಅಜ್ಜಿಗೂ ಒಂದು ಕುಡ್ತೆ ಸಿಕ್ಕಿತು.

ಈ ಅಡ್ಡಗೀಟು ಒಂಬತ್ತು.
ಉಡುಪಿಯಿಂದ ತಂದ ಮೂವರು ಹುಡುಗರು, ನಲವತ್ತೆರಡನೇ ಇಸವಿ.
ಘೋಷಣೆ ಕೂಗಿ ಗಂಟಲು ಕಟ್ಟಿ, ಗಂಜಿ ಮುಟ್ಟದೆ ಕೂತರು.
ಅಜ್ಜಿಗೆ ಸ್ವರಾಜ್ಯದ ಸಂಗತಿ ಗೊತ್ತಿರಲಿಲ್ಲ,
ಬೆಂದ ಅಕ್ಕಿ ಹಳಸುವ ಸಂಗತಿ ಗೊತ್ತಿತ್ತು.
ಸರಳಿನ ಹೊರಗೆ ನಿಂತು ಬೈದಳಂತೆ, ತುಳುವಿನಲ್ಲಿ,
ಮೂವರು ತಾಯಂದಿರ ಪರವಾಗಿ.
ನಾಲ್ಕನೇ ದಿನ ಒಬ್ಬ ಉಪ್ಪಿನಕಾಯಿ ಕೇಳಿದ.
ಅವನ ಹೆಸರು ನನಗೆ ಗೊತ್ತು. ಹೇಳುವುದಿಲ್ಲ.

ಇನ್ನು ಈ ಮೂಲೆ, ಎಣಿಸಲಿಕ್ಕಾಗದು,
ಗೀಟಿನ ಮೇಲೆ ಗೀಟು. ಚಿರತೆಯ ವರ್ಷ.
ಕರು ಮುಗಿದು, ನಾಯಿ ಮುಗಿದು,
ಗಾಡಿಯ ಕುಂಞಾಲಿಯ ತೊಟ್ಟಿಲ ತನಕ ಹೆಜ್ಜೆ ಬಂದಾಗ
ಮುಳಿಹುಲ್ಲಿನ ಈ ಊರಲ್ಲಿ
ಗಟ್ಟಿ ಬಾಗಿಲೆಂದರೆ ಇದೊಂದೇ.
ವಾರ್ಡರ್ ಇನಾಸ್ ಡೇಸಾ ಯಾರನ್ನೂ ಕೇಳಲಿಲ್ಲ.
ಸಂಜೆ ಆರಕ್ಕೆ ಊರಿನ ಮಕ್ಕಳನ್ನೆಲ್ಲ ಒಳಗೆ ಹಾಕಿ
ಬೀಗ ಜಡಿದ.
ಜಾಗ ಸಾಲದ್ದಕ್ಕೆ ಕಳ್ಳರು ಹೊರಗೆ,
ಜಗಲಿಯಲ್ಲಿ, ಬೆಂಕಿ ಹಾಕಿಕೊಂಡು ಕಾವಲು.
ಇಪ್ಪತ್ತಮೂರು ರಾತ್ರಿ. ಒಬ್ಬನೂ ಓಡಲಿಲ್ಲ.
ಓಡುವುದೆಲ್ಲಿಗೆ, ಚಿರತೆ ಇತ್ತಲ್ಲ ಎಂದು ನಗುತ್ತೀರಿ.
ನಗಿ.
ಶೀನ ಎಂಬ ತೆಂಗಿನಕಾಯಿ ಕಳ್ಳ
ಡಬ್ಬ ಬಡಿದು ಬಡಿದು
ತನ್ನ ಶಿಕ್ಷೆ ಮುಗಿದದ್ದೇ ಮರೆತು
ನಾಲ್ಕು ದಿನ ಹೆಚ್ಚು ಕೂತ.
ಆ ನಾಲ್ಕು ಗೀಟು ಬೇರೆ, ಇಗೋ, ಸ್ವಲ್ಪ ದೂರ.
ಸರಕಾರ ಅದರ ದುಡ್ಡು ಕೊಡಲಿಲ್ಲ.

ಆ ಮಕ್ಕಳಲ್ಲಿ ನನ್ನಮ್ಮನೂ ಒಬ್ಬಳು.
ಜೈಲಿನಲ್ಲಿ ಬಂದಂಥ ನಿದ್ದೆ ಮತ್ತೆಲ್ಲೂ ಬರಲಿಲ್ಲ ಎನ್ನುತ್ತಿದ್ದಳು.
ಮದುವೆಯಾದ ಮೇಲೆ, ಅಪ್ಪ ಕುಡಿದು ಬಂದ ರಾತ್ರಿ,
ನನ್ನನ್ನು ಸೊಂಟದಲ್ಲಿಟ್ಟುಕೊಂಡು
ಇದೇ ಬಾಗಿಲಿಗೆ ಬಂದು ನಿಂತದ್ದುಂಟಂತೆ.
ಆಗ ಇದು ರೇಷನ್ ಗೋದಾಮು.
ಒಳಗೆ ಅಕ್ಕಿ ಮಲಗಿತ್ತು.

ಅಷ್ಟೇ. ಗಲ್ಲುಗಂಬ ಇರಲಿಲ್ಲ, ಸುರಂಗವೂ ಇಲ್ಲ.
ನೀವು ಕೇಳಿಬಂದ ಪ್ರೇತದ ಕತೆ ರಿಕ್ಷಾದವರದ್ದು.
ಸೋಮವಾರ ಸುಣ್ಣದವರು ಬರುತ್ತಾರಂತೆ, ಬರಲಿ,
ಗೋಡೆಯೆಂದ ಮೇಲೆ ಸುಣ್ಣ ಬೇಡವೇ.
ಅದಕ್ಕೆ ಮೊದಲು ಒಂದು ಸಾಲು ಬರೆದುಕೊಳ್ಳಿ:
ಅಪ್ಪಿ ಪೂಜಾರ್ತಿಗೆ ಬರತಕ್ಕದ್ದು
ನಾಲ್ಕು ದಿನದ ಗಂಜಿ, ಏಳು ಆಣೆ.
ಯಾವ ಕಾಲಮ್ಮಿಗೆ ಹಾಕುತ್ತೀರೋ,
ಅದು ನಿಮ್ಮ ಇಲಾಖೆಗೆ ಬಿಟ್ಟದ್ದು.