ತೊಂಬತ್ತು ಸೆಂಟಿಮೀಟರ್

ಟ್ರೌಡೆಲಳ ಕೋಟುಗಳನ್ನು ಹೊರಗೆ ಹಾಕಿ
ಬೀರುವಿನ ಕೆಳಗಿನ ಅರೆ ತೆರವು ಮಾಡಿದೆ.
ಅಳೆದರೆ ಸರಿಯಾಗಿ ತೊಂಬತ್ತು ಸೆಂಟಿಮೀಟರ್.
ನಗು ಬಂತು. ಈ ಎತ್ತರ ನನಗೆ ಹೊಸದೇ?
ಇಪ್ಪತ್ತಾರು ವರ್ಷ ಇಷ್ಟೇ ಎತ್ತರದ ಕಲ್ಲಿದ್ದಲ ಪದರದಲ್ಲಿ
ಮಂಡಿಯೂರಿಯೇ ಬುತ್ತಿ ಬಿಚ್ಚಿದವನು ನಾನು.
ತಲೆ ಎತ್ತಿದರೆ ಗೆಲ್ಸೆನ್‌ಕಿರ್ಶನ್ ಊರಿಗೂರೇ
ನೆತ್ತಿಗೆ ತಾಗುತ್ತಿತ್ತು.

ಕಾನೂನು ಮೂರು ಗಿಡ ಎಂದಿದೆ. ಮೂರೇ ಇಟ್ಟೆ.
ಕುಳ್ಳ ಜಾತಿಯ ಗಾಂಜಾ. ಬೀಜ ಮಾರಿದ ಹುಡುಗ ಹೇಳಿದ್ದ:
"ಇವು ಎತ್ತರ ಹೋಗೋದಿಲ್ಲ ತಾತ, ಒತ್ತಾಗ್ತವೆ."
ನನಗೆ ಹದಿನೈದಾಗಿದ್ದಾಗ ಅಪ್ಪ
ಗಣಿಯ ಮೇಸ್ತ್ರಿಗೆ ನನ್ನ ಬಗ್ಗೆ ಹೇಳಿದ್ದೂ
ಹೆಚ್ಚುಕಡಿಮೆ ಅದನ್ನೇ.

ಹದಿನೆಂಟು ಗಂಟೆ ಬೆಳಕು, ಆರು ಗಂಟೆ ಕತ್ತಲು.
ಟೈಮರು ಟಿಕ್ಕೆಂದರೆ ಪಾಳಿ ಶುರು.
ಒಂದು ಕುಡಿ ಮಾತ್ರ ಮಿಕ್ಕವನ್ನು ಮೀರಿ ಜಿಗಿಯಿತು,
ದಾರ ಬಿಗಿದು ಬಗ್ಗಿಸಿದೆ:
ತಗ್ಗಿ ನಡೆ ತಮ್ಮಾ, ಮೇಲೆ ಬಂಡೆಯಿದೆ.

ಘಾಟು ಗೋಡೆ ದಾಟಿ
ಪಕ್ಕದ ಗ್ಯುಲ್ಸೆರೆನಳ ಒಗೆದ ಬಟ್ಟೆಗೆ ಅಡರದಿರಲೆಂದು
ಫ್ಯಾನಿನ ಬಾಯಿಗೆ ಇದ್ದಿಲ ಡಬ್ಬಿ ಕಟ್ಟಿದೆ.
ಯಾವ ಕಾಲದ ಯಾವ ಜರೀಗಿಡವೋ, ಯಾವ ಪಾಚಿಯೋ,
ಕಪ್ಪಾಗಿ ಕಲ್ಲಾಗಿ ಮಲಗಿದ್ದನ್ನು ಅಂದು ಎಬ್ಬಿಸಿ ತಂದೆ.
ಅದರ ದಾಯಾದಿ ಇಂದು
ಈ ಎಳೆಯರ ಉಸಿರು ಸೋಸುತ್ತಿದೆ.
ನನ್ನ ಎದೆಯೊಳಗೂ ಅದೇ ಕಾಡಿನ ಪುಡಿ,
ಅದು ಮಾತ್ರ ಏನನ್ನೂ ಸೋಸದು.
"ಒಂದು ದಮ್ಮೂ ಕೂಡದು," ಎಂದರು ಡಾಕ್ಟರು
ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು.

"ಹಾಗಾದರೆ ಯಾಕೆ ಬೆಳೀತೀಯ?" ಟ್ರೌಡೆಲ್ ಕೇಳಿದಳು.
ನೋಡಲಿಕ್ಕೆ, ಎಂದೆ.
ಕತ್ತಲೊಳಗೆ ದೀಪ ಇಳಿಸಿದರೆ
ಹಸಿರೂ ಬರುತ್ತದೆಂದು
ನನಗೆ ಯಾರೂ ಹೇಳಿರಲಿಲ್ಲ.

ಒಂಬತ್ತನೇ ವಾರ ಭೂತಗನ್ನಡಿ ಹಿಡಿದು ಕೂತೆ.
ಹೂವಿನ ಮೈತುಂಬ ಬೆವರ ಹನಿ.
ಮೊದಲು ಗಾಜು, ಆಮೇಲೆ ಹಾಲು,
ಅಲ್ಲೊಂದು ಇಲ್ಲೊಂದು ಜೇನು ತಿರುಗಿದ ದಿನ
ಬುಡಕ್ಕೆ ಕತ್ತರಿ ಇಟ್ಟೆ.
ಅಂಟಿಗೆ ಅಲಗುಗಳು ಕಚ್ಚಿಕೊಂಡವು.
ಬೈಯುತ್ತಲೇ ಬಂದ ಟ್ರೌಡೆಲ್
ಕಸೂತಿ ಕತ್ತರಿ ತಂದು ಪಕ್ಕದಲ್ಲಿ ಕೂತು
ಮೊಗ್ಗು ಮೊಗ್ಗಿನ ಸುತ್ತಲ ಎಲೆ ಸವರಿದಳು,
ಮೊಮ್ಮಗನ ಉಗುರು ಕತ್ತರಿಸುವಷ್ಟು ನಯವಾಗಿ.

ದಾರ ಕಟ್ಟಿ ತಲೆಕೆಳಗಾಗಿ ತೂಗುಹಾಕಿದೆವು,
ಗಣಿಯ ಸ್ನಾನದ ಹಜಾರದಲ್ಲಿ
ಸರಪಳಿಗೆ ಸಿಕ್ಕಿಸಿ ಸೂರಿಗೇರಿಸುತ್ತಿದ್ದ ಅಂಗಿಗಳ ಹಾಗೆ.
ಪಾಳಿ ಮುಗಿದರೆ ಒಬ್ಬೊಬ್ಬರೇ ಸರಪಳಿ ಬಿಚ್ಚಿ
ತಂತಮ್ಮ ಅಂಗಿ ಇಳಿಸಿಕೊಳ್ಳುತ್ತಿದ್ದೆವು.
ಲೋಟಾರನ ಅಂಗಿ ಹನ್ನೊಂದು ದಿನ ತೂಗಿತು.
ಯಾರೂ ಆ ಸರಪಳಿ ಮುಟ್ಟಲಿಲ್ಲ.

ಇವೂ ಹನ್ನೊಂದೇ ದಿನ.
ಕಡ್ಡಿ ಪಟಕ್ಕನೆ ಮುರಿದಾಗ ಇಳಿಸಿ ತೂಗಿದೆ:
ನಲವತ್ತೊಂದು ಗ್ರಾಂ.

ಬೆಣ್ಣೆಯಲ್ಲಿ ಕಾಯಿಸಿ ಸೋಸಿದವಳು ಅವಳೇ.
ಒಂದು ಬಿಸ್ಕತ್ತು, ಅರ್ಧರ್ಧ.
ಒಂದು ಗಂಟೆ ಏನೂ ಆಗಲಿಲ್ಲ.
ಟೀವಿಯಲ್ಲಿ ನಮ್ಮೂರ ಫುಟ್‌ಬಾಲ್ ತಂಡ ಎಂದಿನಂತೆ ಸೋಲುತ್ತಿತ್ತು.
ಆಮೇಲೆ ಪಾರಿವಾಳದಂತೆ ಗುಟುಗುಟು ನಗತೊಡಗಿದಳು.

"ಕರೆಂಟ್ ಬಿಲ್ಲು ನೋಡಿ ಕಿರುಚಾಡ್ತಿದ್ದೆಯಲ್ಲ, ನೆನಪಿದೆಯಾ?
ನಿನಗೆ ರಾತ್ರಿಪಾಳಿ ಇದ್ದಾಗ
ಅಡುಗೆಮನೆ ದೀಪ ಆರಿಸ್ತಾನೇ ಇರಲಿಲ್ಲ ನಾನು.
ಕೆಳಗೆ ಎಲ್ಲಾದರೂ ಒಂದು ಬಿರುಕಲ್ಲಿ
ನಿನಗೆ ಕಂಡೀತು ಅಂತ."

ಸಾವಿರ ಮೀಟರ್ ಕೆಳಗೆ!
ಇಬ್ಬರೂ ನಕ್ಕೆವು. ನನಗೆ ಕೆಮ್ಮು ಹತ್ತಿತು,
ಬೆನ್ನು ನೀವಿದಳು.
ಬೀರುವಿನೊಳಗೆ ದೀಪ ಉರಿಯುತ್ತಲೇ ಇತ್ತು
ಬರೀ ಮಣ್ಣಿನ ಮೂರು ಕುಂಡಗಳ ಮೇಲೆ.
ಆರಿಸಲೆಂದು ಎದ್ದೆ.
"ಇರಲಿ ಬಿಡು, ಎವಾಲ್ಡ್," ಎಂದಳು,
"ಈ ಸಲ ಬೈಯುವ ಪಾಳಿ ನನ್ನದು."