ಅರ್ಧ ಬೆರಳು ಸಡ್ಲ

ಮೂರು ಗಾಲಿಯ ಮೋಟರ್‌ಸೈಕಲ್ ನಿಂತ ಮ್ಯಾಲೂ
ಅನಸಕ್ಕನ ಕೈ ನಡಗತಿತ್ತು.
ಬನಹಟ್ಟಿ ರಸ್ತಾದ ಮ್ಯಾಲ, ನನ್ನ ಗ್ಯಾರೇಜಿನ ಮುಂದ,
ಎರಡೂ ಅಂಗೈ ಚಾಚಿ ತೋರಿಸಿದ್ಲು:
"ನೋಡೋ ದಸ್ತಗೀರ, ಜುಮುಜುಮು ಅಂತಾವ.
ಇವುನ್ನ ತಗೊಂಡು ಎಳಿ ಹೆಂಗ ಕೂಡಸ್ಲಿ?"

ಮಗ್ಗದಾಗ ಹಳೇ ಹಾಸು ತೀರಿದಾಗ
ಹೊಸ ಹಾಸಿನ ತುದಿಗೆ ಅದರ ತುದಿ ತಿರುವಿ,
ಚೂರು ಬೂದಿ ಹಚ್ಚಿ, ಒಂದೊಂದ ಎಳಿ,
ಎರಡೂವರಿ ಸಾವಿರ ಎಳಿ
ಕೂಡಸಾಕಿ ಅಕಿ.
ರಬಕವಿ, ತೇರದಾಳ, ಮಹಾಲಿಂಗಪುರ,
ಎಲ್ಲಿ ಮಗ್ಗ ನಿಂತತೋ ಅಲ್ಲಿ ಹೋಗಾಕಿ.
ಎಡಗಾಲು ಸಣ್ಣಾಕಿದ್ದಾಗಿಂದ ಮಾತು ಕೇಳೂದಿಲ್ಲ.
ಕೈ ಕೇಳತಾವ.
ಕೇಳತಿದ್ದುವು, ಹೋದ ತಿಂಗಳ ತನಕ.

ತಪ್ಪು ನಂದ.
ಮೊದಲ ಚೈನ್ ಇತ್ತು ಗಾಡಿಗೆ.
ಚೈನಿನ ಎಣ್ಣಿ ಸೀರಿ ಅಂಚಿಗೆ ಹತ್ತಿ, ಅಲ್ಲಿಂದ
ಸಾವಕಾರರ ಬಿಳಿ ಹಾಸಿಗೆ ಹತ್ತಿ
ಒಂದು ದಿನದ ಪಗಾರ ಹೋಗಿತ್ತು.
"ಎಣ್ಣಿ ಬೇಡದ್ದು ಏನರ ಹಾಕು" ಅಂದ್ಲು.
ಕೊಲ್ಹಾಪುರದ ಗುಜರಿಯಿಂದ ಎರಡು ಪುಲ್ಲಿ ತಂದು
ಹಲ್ಲಿನ ಬೆಲ್ಟ್ ಕೂಡಿಸಿದೆ.
ಸದ್ದು ಹೋತು, ಎಣ್ಣಿ ಹೋತು,
ನಡುಕ ಬಂತು.
ಮೂವತ್ತೈದರ ತನಕ ಸುಮ್ಮನಿರತೈತಿ,
ನಲವತ್ತಕ್ಕ ಹೋತಂದ್ರ ಕನ್ನಡಿಯಾಗಿನ ರಸ್ತಾ
ನೀರಾಗಿನ ರಸ್ತಾ ಆಗತೈತಿ.

ಬಿಗಿ ಸಾಲದು ಅಂತ ಬಿಗಿದೆ.
ಕಡಿಮಿ ಆಗಲಿಲ್ಲ. ಇನ್ನೊಂದು ಸುತ್ತು ಬಿಗಿದೆ.
ನಮ್ಮ ಕಸಬಿನಾಗ ಅನುಮಾನ ಬಂದ್ರ
ಪಾನಾ ಬಲಕ್ಕ ತಿರಗತೈತಿ, ತಾನ.
ಬೇರಿಂಗ್ ಮುಲಗಾಕತ್ತು,
ನಡುಕ ಹ್ಯಾಂಡಲ್ಲಿನಿಂದ ಸೀಟಿಗೂ ಇಳೀತು.
"ಈಗ ಬೆನ್ನಿಗೂ ಬಂತಲ್ಲೋ, ಚಲೋ ಮಾಡಿದಿ" ಅಂದ್ಲು.

ಮೂರನೇ ಸಲ ಬಂದಾಗ ಚಾ ತರಸಿದೆ. ಕುಡೀಲಿಲ್ಲ.
ಸೀಟಿನಿಂದ ಜಾರಿ ನೆಲಕ್ಕ ಕುಂತು
ಬೆಲ್ಟಿನ ನಟ್ಟನಡುವ ಬೆರಳಿಟ್ಟು ಮೀಟಿದ್ಲು.
ಟಣ್ ಅಂತು.
"ಹಾಸು ಇಷ್ಟು ಬಿಗಿದ್ರ ಏನಾಗತೈತಿ ಗೊತ್ತನು?
ಮೊದಲ ಲಾಳಿ ಹೊಡತಕ್ಕ ಪಟಪಟ ಹರೀತಾವ.
ಪೂರಾ ಸಡ್ಲ ಬಿಟ್ರ ಒಂದಕ್ಕೊಂದು ತೊಡರತಾವ.
ಗಾಲಿ ತಿರುವು."

ತಿರುವಿದೆ. ಅಕಿ ಬೆರಳು ತಗೀಲಿಲ್ಲ.
ಒಂದು ಕಡೆ ಬಿಗಿ, ಅರ್ಧ ಸುತ್ತಿಗೆ ಸಡ್ಲ, ಮತ್ತ ಬಿಗಿ.
ಪುಲ್ಲಿ ಕೂದಲಿನಷ್ಟು ಸೊಟ್ಟ ಇತ್ತು.
ನಾ ಮೂರು ಸಲ ಟಾರ್ಚ್ ಹಾಕಿ ನೋಡಿದ್ದೆ,
ಕಂಡಿದ್ದಿಲ್ಲ.

ಎಲ್ಲಿ ಹೆಚ್ಚು ಬಿಗಿಯೋ ಅಲ್ಲೇ ಗಾಲಿ ನಿಲ್ಲಿಸಿ
"ಈಗ ನಾ ಮ್ಯಾಲ ಕುಂದರತೀನಿ.
ಖಾಲಿ ಗಾಡಿ ಮ್ಯಾಲ ತಗದ ಅಳತಿ
ನನಗ ಏನು ಉಪಯೋಗ?"
ಕುಂತ್ಲು. ಬೂದಿ ಡಬ್ಬಿ, ಬುತ್ತಿ, ಊರುಗೋಲು
ಎಲ್ಲಾ ಹೇರಿಸಿಕೊಂಡ್ಲು.
ಎಡದ ಬೋಲ್ಟ್ ಕಾಲು ಸುತ್ತು,
ಬಲದ್ದು ಕಾಲು ಸುತ್ತು,
ಬಿಚ್ಚುವ ಕಡೆಗೆ.
ನನ್ನ ಕೈಗೆ ಆ ದಿಕ್ಕು ರೂಢಿ ಇಲ್ಲ.
ಹೆಬ್ಬೆರಳು ಒತ್ತಿದ್ರ ಅರ್ಧ ಬೆರಳು ತಗ್ಗಬೇಕು,
ಬಿಟ್ರ ತಿರುಗಿ ಬರಬೇಕು, ಹಗೂರಕ.
"ಸಾಕನು?"
"ಇನ್ನ ಚೂರು."
ಅಷ್ಟರಾಗ ಕರೆಂಟ್ ಹೋತು.
ಓಣಿ ತುಂಬ ಖಟಖಟ ಅನ್ನೂ ಮಗ್ಗ
ಒಮ್ಮೆಲೆ ಬಾಯಿ ಮುಚ್ಚಿದುವು.
ಆ ಸುಮ್ಮಕಿನಾಗ ಬೆಲ್ಟ್ ಮೀಟಿದೆ,
ಟಣ್ ಅನ್ನಲಿಲ್ಲ, ಧಪ್ ಅಂತು,
ತುಂಬಿದ ಚೀಲ ತಟ್ಟಿಧಂಗ.
"ಹಾಂ" ಅಂದ್ಲು ಮ್ಯಾಲಿಂದ.

ಜಮಖಂಡಿ ರಸ್ತಾದಾಗ ಅರ್ಧ ತಾಸು ಹೋಗಿ ಬಂದ್ಲು.
ನಾ ಕೈ ಒರಸೂ ವೇಸ್ಟ್ ನೂಲಿನ ಉಂಡಿಯಿಂದ
ಎರಡು ಎಳಿ ಜಗ್ಗಿ,
ಬೂದಿ ಮುಟ್ಟಿಸಿ ತಿರುವಿ, ನನ್ನ ಕೈಗೆ ಕೊಟ್ಲು.
ಜಗ್ಗಿದೆ. ಹರೀಲಿಲ್ಲ.
ಎಲ್ಲಿ ಕೂಡಿತ್ತು ಅಂತ ಹುಡಕೇ ಹುಡಕಿದೆ.

"ನಲವತ್ತೆರಡಕ್ಕ ಸ್ವಲ್ಪ ಬರತೈತಿ ಇನ್ನೂ.
ಬರಲಿ, ನಾ ಅಷ್ಟು ಜೋರ ಎಲ್ಲಿಗೆ ಹೋಗೂದೈತಿ."

ಆಮ್ಯಾಲ ಕೇಳಿದ್ಲು: "ಎಷ್ಟಾತು?"
ನೂರಾ ಇಪ್ಪತ್ತು ಅಂದೆ.
"ಬಿಗದದ್ದಕ್ಕ ಎರಡು ಸಲ ಕೊಟ್ಟೀನಿ,
ಬಿಚ್ಚಿದ್ದಕ್ಕೂ ಕೊಡಬೇಕನು?"
ಗೇರ್ ಹಾಕಿದ್ಲು.
ತಣ್ಣಗಾಗಿದ್ದ ಚಾ ನಾನ ಕುಡದೆ.